ಕೆಡವುವ ಮುನ್ನ ಒಂದು ಫೋಟೊ

1856ರ ಕೊನೆಗೋ 1857ರ ಶುರುವಿಗೋ, ಟೊರಾಂಟೊದ ಕಿಂಗ್ ಮತ್ತು ಯಾರ್ಕ್ ಬೀದಿಗಳು ಕೂಡುವ ಮೂಲೆಯಲ್ಲಿ ರಾಸಿನ್ ಹೌಸ್ ಎಂಬ ಹೋಟೆಲಿನ ಚಾವಣಿ ಹತ್ತಿ, ಆರ್ಮ್‌ಸ್ಟ್ರಾಂಗ್, ಬೀರ್ ಅಂಡ್ ಹೈಮ್ ಸಂಸ್ಥೆಯವರು ಕ್ಯಾಮೆರಾ ಹೂಡಿದರು. ಅದನ್ನು ಸುತ್ತಲೂ ತಿರುಗಿಸುತ್ತ ಇಡೀ ಊರನ್ನು ತುಂಡುತುಂಡಾಗಿ ಹಿಡಿದರು. ಕೆನಡಾ ಪ್ರಾಂತ್ಯದ ರಾಜಧಾನಿ ಯಾವ ಊರು ಎಂಬುದನ್ನು ಆಗ ವಿಕ್ಟೋರಿಯಾ ರಾಣಿ ತೀರ್ಮಾನಿಸಬೇಕಿತ್ತು. ಟೊರಾಂಟೊ ತನ್ನ ಅರ್ಜಿಯ ಜೊತೆ ಈ ಫೋಟೊಗಳನ್ನು ಲಗತ್ತಿಸಿತು. ರಾಣಿ ಒಟ್ಟಾವ ಎಂದರು. ಫೋಟೊಗಳು ಲಂಡನ್ನಿನ ಕಡತಗಳಲ್ಲಿ ಮುಳುಗಿಹೋಗಿ, 1979ರಲ್ಲಿ ಅಲ್ಲಿನ ವಿದೇಶಾಂಗ ಕಚೇರಿಯ ಗ್ರಂಥಾಲಯದಲ್ಲಿ ಮತ್ತೆ ಕಣ್ಣಿಗೆ ಬಿದ್ದವು. ಟೊರಾಂಟೊದ್ದೆಂದು ತಿಳಿದಿರುವ ಅತಿ ಹಳೆಯ ಫೋಟೊಗಳು ಇವೇ.

ಅರ್ಜಿಗೆಂದು ತೆಗೆಸಿದ ಫೋಟೊದಲ್ಲಿ ಊರು ಸಹಜವಾಗಿಯೇ ಸಿಂಗರಿಸಿಕೊಂಡು ನಿಲ್ಲಬೇಕು. ಆದರೆ ಕ್ಯಾಮೆರಾಕ್ಕೆ ಆ ದಾಕ್ಷಿಣ್ಯವಿಲ್ಲ. ದೊಡ್ಡ ಕಟ್ಟಡಗಳ ಬುಡದಲ್ಲೇ ಮಣ್ಣಿನ ಬೀದಿ, ಹಿತ್ತಿಲುಗಳಲ್ಲಿ ಮರದ ಕೊಟ್ಟಿಗೆಗಳು, ಎಲ್ಲೆಲ್ಲೂ ಹೊಗೆಗೂಡು. ಜನ ಕಾಣುವುದೇ ಅಪರೂಪ. ಅಂದಿನ ಗಾಜಿನ ಫಲಕಕ್ಕೆ ಬೆಳಕು ಹತ್ತಲು ಹೊತ್ತು ಬೇಕಿತ್ತು. ಓಡಾಡುತ್ತಿದ್ದವರು ಅದರ ಮೇಲೆ ಸ್ಪಷ್ಟವಾಗಿ ಮೂಡುತ್ತಿರಲಿಲ್ಲ.

ಇಂಥ ಫೋಟೊಗಳನ್ನು ಕಾಪಾಡುತ್ತಿರುವುದು ಸ್ಪಡೈನಾ ರಸ್ತೆಯ ಟೊರಾಂಟೊ ನಗರ ಪತ್ರಾಗಾರ. ಅಲ್ಲಿ ಹೆಚ್ಚು ಹೊತ್ತು ನಿಲ್ಲಿಸುವುದು ಮಾತ್ರ ಆರ್ಥರ್ ಗಾಸ್ ಎಂಬ ಒಬ್ಬ ನೌಕರನ ಕೆಲಸ. ಹುಡುಗನಾಗಿದ್ದಾಗಲೇ ನಗರದ ಎಂಜಿನಿಯರ್ ಕಚೇರಿಯಲ್ಲಿ ಚಾಕರಿಗೆ ಸೇರಿದ ಈತ 1911ರಲ್ಲಿ ನಗರಾಡಳಿತದ ಅಧಿಕೃತ ಛಾಯಾಗ್ರಾಹಕನಾದ. 1940ರಲ್ಲಿ ಸಾಯುವವರೆಗೂ ಅದೇ ಕೆಲಸ. ಒಡೆದ ಚರಂಡಿ, ಟ್ರಾಮ್ ಹಳಿ, ಅಗಲ ಮಾಡಬೇಕಾದ ರಸ್ತೆ, ಶಾಲೆಯಲ್ಲಿ ಮಕ್ಕಳ ಹಲ್ಲು ನೋಡುತ್ತಿರುವ ದಾದಿ: ಇಲಾಖೆ ಕೇಳಿದ್ದನ್ನೆಲ್ಲ ತೆಗೆದುಕೊಟ್ಟ. ಗಾಜಿನ ನೆಗೆಟಿವ್‌ನ ಅಂಚಿನಲ್ಲೇ ಸಂಖ್ಯೆ ಮತ್ತು ತಾರೀಕು ಬರೆದಿಡುತ್ತಿದ್ದ. ಕಲೆಗಾಗಿ ತೆಗೆದ ಫೋಟೊಗಳಲ್ಲಿ ಸಾಮಾನ್ಯವಾಗಿ ತಾರೀಕು ಇರುವುದಿಲ್ಲ. ಗುಮಾಸ್ತಿಕೆಯ ಈ ಶಿಸ್ತೇ ಇಂದು ಸಂಶೋಧಕರ ಭಾಗ್ಯ. ಬಿಡುವಿನಲ್ಲಿ ಗಾಸ್ ಮಬ್ಬುಬೆಳಕಿನ ಕಲಾತ್ಮಕ ಚಿತ್ರಗಳನ್ನೂ ತೆಗೆಯುತ್ತಿದ್ದ. ನನ್ನನ್ನು ಕೇಳಿದರೆ, ಕಚೇರಿಯ ಚಿತ್ರಗಳೇ ಮೇಲು.

ಆತನ ಅತ್ಯುತ್ತಮ ಚಿತ್ರಗಳು ಬಂದದ್ದು 'ದ ವಾರ್ಡ್' ಎಂದು ಕರೆಯುತ್ತಿದ್ದ ಕೇರಿಯಿಂದ. ಯಂಗ್ ಬೀದಿ, ಯೂನಿವರ್ಸಿಟಿ ಅವೆನ್ಯೂ, ಕ್ವೀನ್ ಮತ್ತು ಕಾಲೇಜ್ ಬೀದಿಗಳ ನಡುವಿನ ಜಾಗ ಅದು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಕಪ್ಪು ಜನ, ಐರಿಷರು, ಪೂರ್ವ ಯುರೋಪಿನ ಯಹೂದಿಗಳು, ಇಟಲಿಯವರು, ಚೀನೀಯರು, ಹೀಗೆ ಟೊರಾಂಟೊಗೆ ಹೊಸದಾಗಿ ಬಂದವರು ಮೊದಲು ಗಂಟು ಇಳಿಸುತ್ತಿದ್ದುದು ಅಲ್ಲೇ. 1911ರಲ್ಲಿ ನಗರದ ಆರೋಗ್ಯಾಧಿಕಾರಿ ಡಾ. ಚಾರ್ಲ್ಸ್ ಹೇಸ್ಟಿಂಗ್ಸ್ ಕೊಳೆಗೇರಿಗಳ ಬಗ್ಗೆ ಖಾರವಾದ ವರದಿ ಕೊಟ್ಟರು. ಅವರ ಇಲಾಖೆಗಾಗಿ ಗಾಸ್ ಕೇರಿಯ ಹಿತ್ತಿಲುಗಳಿಗೆ ನುಗ್ಗಿದ. ಸೋರುವ ಮಾಡು, ಹೊರಗಿನ ಶೌಚದ ಗೂಡು, ಒಂದೇ ಕೋಣೆಯಲ್ಲಿ ಇಡೀ ಸಂಸಾರ.

ಇಲ್ಲಿ ನೋಡುವವರು ತುಸು ಎಚ್ಚರವಾಗಿರಬೇಕು. ಕೇರಿ ಕೊಳಕಾಗಿದೆ ಎಂದು ಸಾಬೀತು ಮಾಡಲು ತೆಗೆದ ಚಿತ್ರಗಳಿವು; ಕೊಳಕಿದ್ದ ಕಡೆಗೇ ಕ್ಯಾಮೆರಾ ತಿರುಗಿದೆ. ಅಡಿಬರಹದಲ್ಲಿ ಬೀದಿಯ ಹೆಸರು, ಮನೆ ಸಂಖ್ಯೆ, 'ಹಿಂಭಾಗ' ಎಂಬ ಮಾತು ಇರುತ್ತದೆ. ಬಾಗಿಲಲ್ಲಿ ನಿಂತ ಹೆಂಗಸಿನ ಹೆಸರು ಇರುವುದಿಲ್ಲ. ಆದರೂ ಗಾಜಿನ ಫಲಕಕ್ಕೆ ಅಧಿಕಾರಿಗಳು ಕೇಳದ್ದನ್ನೂ ಹಿಡಿಯುವ ಗುಣವಿದೆ. ಹಿಗ್ಗಿಸಿ ನೋಡಿದರೆ ಹಗ್ಗದ ಮೇಲೆ ಬಿಳಿಯಾಗಿ ಒಗೆದ ಬಟ್ಟೆ, ಅಂಗಡಿ ಗಾಜಿನ ಮೇಲೆ ಯಿಡ್ಡಿಷ್ ಅಕ್ಷರ, ಕ್ಯಾಮೆರಾವನ್ನೇ ದುರುಗುಟ್ಟುವ ಮಕ್ಕಳು.

ಮುಂದೆ ಕೇರಿಯನ್ನು ಹಂತಹಂತವಾಗಿ ಕೆಡವಿದರು. ಎಲಿಜಬೆತ್ ಬೀದಿಯ ಚೀನೀ ಅಂಗಡಿಗಳ ಬಹುಭಾಗ ಹೊಸ ನಗರಸಭಾ ಭವನಕ್ಕಾಗಿ ನೆಲಸಮವಾಯಿತು. ಫಿನ್ಲೆಂಡಿನ ವಿಲ್ಯೊ ರೆವೆಲ್ ವಿನ್ಯಾಸ ಮಾಡಿದ, ಬಾಗಿದ ಎರಡು ಗೋಪುರಗಳ ಆ ಭವನ 1965ರಲ್ಲಿ ತೆರೆಯಿತು. ಅದರ ಮುಂದೆ ಈಗ ಚಳಿಗಾಲದಲ್ಲಿ ಜನ ಸ್ಕೇಟಿಂಗ್ ಮಾಡುವ ಚೌಕವಿದೆ. ಬೀದಿಯನ್ನು ಅಳಿಸಲು ಪುರಾವೆಯಾಗಿ ತೆಗೆದ ಫೋಟೊಗಳೇ ಆ ಬೀದಿಗೆ ಉಳಿದ ಗಟ್ಟಿ ದಾಖಲೆಯಾದವು. ಮಾಂಟ್ರಿಯಲ್‌ನಲ್ಲೂ ಹೀಗೇ: ರೇಡಿಯೊ ಕೆನಡಾ ಗೋಪುರಕ್ಕಾಗಿ 1963ರಲ್ಲಿ ಕೆಡವಿದ ಕಾರ್ಮಿಕರ ಕೇರಿಯನ್ನು ನಗರಾಡಳಿತ ಮೊದಲೇ ಫೋಟೊ ತೆಗೆಸಿಟ್ಟಿತ್ತು.

ಎಲ್ಲವೂ ಅಳಿವಿನ ಕಥೆಯಲ್ಲ. 1904ರ ಏಪ್ರಿಲ್ 19ರಂದು ಟೊರಾಂಟೊದಲ್ಲಿ ಹೊತ್ತಿದ ಬೆಂಕಿಯ ಚಿತ್ರಗಳಲ್ಲಿ ಬೇ ಮತ್ತು ಫ್ರಂಟ್ ಬೀದಿಗಳ ಸಗಟು ಮಳಿಗೆಗಳು ಬರೀ ಗೋಡೆಗಳಾಗಿ ನಿಂತಿವೆ. ಸುಟ್ಟ ಜಾಗದಲ್ಲೇ ಮುಂದೆ, 1927ರಲ್ಲಿ ತೆರೆದ ಯೂನಿಯನ್ ಸ್ಟೇಷನ್ ಎದ್ದಿತು. ಬೆಂಕಿಗೆ ಮುಂಚಿನ ಬೀದಿಚಿತ್ರಗಳಲ್ಲಿ ತಲೆ ಮೇಲೆ ತಂತಿಗಳ ಗೋಜಲು. ಅಗ್ನಿಶಾಮಕರ ಏಣಿಗೆ ಅಂದು ಅಡ್ಡ ಬಂದದ್ದು ಇವೇ ತಂತಿಗಳು.

ಡಾನ್ ಕಣಿವೆಯ ಮೇಲಿನ ಬ್ಲೂರ್ ಸೇತುವೆ ಕಟ್ಟುವುದನ್ನೂ ಗಾಸ್ ಕಂಬ ಕಂಬವಾಗಿ ದಾಖಲಿಸಿದ. ಅದು 1918ರಲ್ಲಿ ತೆರೆದಾಗ ರಸ್ತೆಯ ಕೆಳಗೆ ರೈಲಿಗೆಂದು ಇನ್ನೊಂದು ಅಂತಸ್ತನ್ನೂ ಕಟ್ಟಿಟ್ಟಿದ್ದರು. ಅದರಲ್ಲಿ ಮೆಟ್ರೊ ಓಡಿದ್ದು 1966ರಲ್ಲಿ! ಇಂದು ಡ್ಯಾನ್‌ಫೋರ್ತ್ ಕಡೆಗೆ ಹೋಗುವ ಟೊರಾಂಟೊ ಕನ್ನಡಿಗರೂ ಆ ಅಂತಸ್ತಿನಲ್ಲೇ ಕಣಿವೆ ದಾಟುತ್ತಾರೆ. ಶ್ರೀಲಂಕಾದಲ್ಲಿ ಹುಟ್ಟಿದ ಮೈಕೇಲ್ ಒಂಡಾಟ್ಜೆ ಈ ಸೇತುವೆಯ ಕೂಲಿಗಳ ಬಗ್ಗೆ 1987ರಲ್ಲಿ ಬರೆದ 'ಇನ್ ದ ಸ್ಕಿನ್ ಆಫ್ ಎ ಲಯನ್' ಕಾದಂಬರಿಯಲ್ಲಿ ಗಾಸ್ ಕೂಡ ಒಂದು ಪಾತ್ರ.

ಪತ್ರಾಗಾರ ಡ್ಯೂಪಾಂಟ್ ಮೆಟ್ರೊ ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರದಲ್ಲಿದೆ. ಸಾವಿರಾರು ಚಿತ್ರಗಳನ್ನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲೂ ನೋಡಬಹುದು. ಆದರೆ ಇಂದಿನ ವಿಳಾಸ ಹಿಡಿದು ಹುಡುಕಿದರೆ ಕೆಲವೊಮ್ಮೆ ಬರಿಗೈ. ವಾರ್ಡ್ ಕೇರಿಯ ಟೆರೌಲೆ ಬೀದಿಯನ್ನು ಮುಂದೆ ಬೇ ಬೀದಿಗೆ ಸೇರಿಸಿದರು. ಬೇ ಬೀದಿಯ ಆ ಭಾಗದ ಹಳೆಯ ಚಿತ್ರ ಬೇಕಿದ್ದರೆ ಟೆರೌಲೆ ಎಂದೇ ಕೇಳಬೇಕು.