ಎಪ್ವರ್ತಿನ ಮನೆಯ ಶಾಲೆ

ಮಕ್ಕಳಿಗೆ ಮನೆಯಲ್ಲಿಯೇ ವಿದ್ಯೆ ಕಲಿಸಬೇಕೆಂದು ಸಂಕಲ್ಪಿಸಿದ ತಾಯಂದಿರು ಅನೇಕರುಂಟು. ಸಂಕಲ್ಪವು ಸುಲಭ, ಅದನ್ನು ನಡೆಸುವುದು ಕಷ್ಟ. ಎರಡು ದಿನ ಪಾಠವು ಚೆನ್ನಾಗಿ ಸಾಗುವುದು. ಮೂರನೆಯ ದಿನ ಮಗುವಿಗೆ ಜ್ವರ, ನಾಲ್ಕನೆಯ ದಿನ ನೆಂಟರ ಆಗಮನ, ಐದನೆಯ ದಿನ ಒಲೆಯ ಮೇಲಿನ ಹಾಲು ಉಕ್ಕಿ ಪಾಠವೂ ಅದರೊಡನೆ ಹರಿದುಹೋಗುವುದು. ಇಂತಹ ವಿಘ್ನಗಳಿಂದ ಬೇಸತ್ತ ಗೃಹಸ್ಥರಿಗೆ, ಸುಮಾರು ಮುನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಒಂದು ಪುಟ್ಟ ಊರಿನ ಕ್ರೈಸ್ತ ಕುಟುಂಬದಲ್ಲಿ ನಡೆದ ಮನೆಪಾಠದ ವೃತ್ತಾಂತವು ಧೈರ್ಯವನ್ನು ಕೊಡಬಹುದು.

ಲಿಂಕನ್‌ಷೈರ್ ಪ್ರಾಂತದ ಎಪ್ವರ್ತ್ ಎಂಬ ಊರಿನಲ್ಲಿ ಸ್ಯಾಮ್ಯುಯೆಲ್ ವೆಸ್ಲಿ ಎಂಬ ಪಾದ್ರಿಯಿದ್ದನು. ಆತನ ಪತ್ನಿ ಸುಸನ್ನಾ ೧೬೬೯ರಲ್ಲಿ ಜನಿಸಿದವಳು, ತನ್ನ ತಂದೆಗೆ ಇಪ್ಪತ್ತೈದನೆಯ ಮಗು. ಆಕೆಯೇ ಹತ್ತೊಂಬತ್ತು ಮಕ್ಕಳನ್ನು ಹೆತ್ತಳು. ಅವರಲ್ಲಿ ಒಂಬತ್ತು ಮಂದಿ ಎಳೆತನದಲ್ಲಿಯೇ ತೀರಿಕೊಂಡು ಹತ್ತು ಮಂದಿ ಮಾತ್ರ ಉಳಿದರು. ಪತಿಯು ವಿದ್ವಾಂಸನೇನೋ ಹೌದು. ಆದರೆ ಹಣದ ವ್ಯವಹಾರದಲ್ಲಿ ಜಾಣನಲ್ಲ. ೧೭೦೫ರಲ್ಲಿ ಸಾಲದ ನಿಮಿತ್ತ ಲಿಂಕನ್ನಿನ ಕೋಟೆಯಲ್ಲಿ ಕೆಲವು ತಿಂಗಳು ಸೆರೆವಾಸವನ್ನೂ ಅನುಭವಿಸಿದನು. ಇಂತಹ ಸಂಸಾರದಲ್ಲಿ ಮಕ್ಕಳಿಗೆ ಓದು ಕಲಿಸುವ ಭಾರವು ತಾಯಿಯದಾಯಿತು.

ಆಕೆಯ ಕ್ರಮವು ಹೀಗಿತ್ತು. ಮಗುವಿಗೆ ಐದು ವರ್ಷ ತುಂಬುವವರೆಗೆ ಅಕ್ಷರಾಭ್ಯಾಸವಿಲ್ಲ. ತುಂಬಿದ ಮರುದಿನವೇ ಆರಂಭ. ಅದಕ್ಕೆ ಹಿಂದಿನ ದಿನ ಮನೆಯನ್ನೆಲ್ಲ ಅಣಿಗೊಳಿಸಿ, ಪ್ರತಿಯೊಬ್ಬರಿಗೂ ಅವರವರ ಕೆಲಸವನ್ನು ಹಂಚಿ, ಬೆಳಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಮತ್ತು ಮಧ್ಯಾಹ್ನ ಎರಡರಿಂದ ಐದರವರೆಗೆ ಪಾಠದ ಕೋಣೆಗೆ ಯಾರೂ ಕಾಲಿಡಬಾರದೆಂದು ಆಜ್ಞೆ ಮಾಡುವಳು. ಆ ಒಂದು ದಿನದಲ್ಲಿ ಮಗುವು ಅಕ್ಷರಮಾಲೆಯನ್ನು ಪೂರ್ತಿಯಾಗಿ ಕಲಿಯಬೇಕು. ಮರುದಿನ ಬೈಬಲಿನ ಆದಿಕಾಂಡದ ಮೊದಲನೆಯ ಅಧ್ಯಾಯವೇ ಪಾಠ. ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ ಅಕ್ಷರ ಕಲಿಯಲು ಒಂದೂವರೆ ದಿನ ಹಿಡಿಯಿತು. ಅವರು ಮಂದಬುದ್ಧಿಯವರೆಂದು ತಾಯಿಯು ಆಗ ಭಾವಿಸಿದಳಂತೆ! ಮುಂದೆ ಕಿರಿಯ ಮಗಳಾದ ಕೆಜಿಯಾಳ ವಿಷಯದಲ್ಲಿ ಈಕೆಯ ಮಾತು ನಡೆಯದೆ, ಐದು ವರ್ಷಕ್ಕೆ ಮೊದಲೇ ಪಾಠವು ಪ್ರಾರಂಭವಾಯಿತು. ಉಳಿದವರು ತಿಂಗಳುಗಳಲ್ಲಿ ಕಲಿತುದಕ್ಕೆ ಆ ಮಗುವಿಗೆ ವರ್ಷಗಳೇ ಬೇಕಾದುವು.

ಪಾಠ ಹೇಳುವಾಗ ತಾಯಿಗಿದ್ದ ತಾಳ್ಮೆಯನ್ನು ಕುರಿತು ಒಂದು ಹೇಳಿಕೆಯುಂಟು. ಒಂದು ಮಗುವಿಗೆ ಒಂದೇ ಮಾತನ್ನು ಆಕೆಯು ಮತ್ತೆ ಮತ್ತೆ ಹೇಳುತ್ತಿರಲು, ಪಕ್ಕದಲ್ಲಿದ್ದ ಪತಿಯು ಎಣಿಸುತ್ತ ಕುಳಿತನಂತೆ. ಇಪ್ಪತ್ತು ಸಲ ಹೇಗೆ ತಾನೆ ಹೇಳಿದೆ ಎಂದು ಆತನು ಬೆರಗಾಗಲು, ಹತ್ತೊಂಬತ್ತಕ್ಕೇ ನಿಲ್ಲಿಸಿದ್ದರೆ ಅಷ್ಟು ಶ್ರಮವೂ ವ್ಯರ್ಥವಾಗುತ್ತಿತ್ತೆಂದು ಆಕೆಯು ಉತ್ತರವಿತ್ತಳಂತೆ.

ಹೀಗೆ ಗಡಿಯಾರದಂತೆ ನಡೆಯುತ್ತಿದ್ದ ಶಾಲೆಗೆ ೧೭೦೯ನೆಯ ಇಸವಿ ಫೆಬ್ರವರಿ ೯ರ ರಾತ್ರಿ ವಿಪತ್ತು ಒದಗಿತು. ಎಲ್ಲರೂ ಮಲಗಿದ್ದಾಗ ಮನೆಯ ಮಾಡಿಗೆ ಬೆಂಕಿ ಹತ್ತಿತು. ತಾಯಿಯು ಆಗ ತುಂಬು ಗರ್ಭಿಣಿ. ಉರಿಯ ನಡುವೆಯೇ ನುಗ್ಗಿ, ಕೈಮುಖಗಳು ಸ್ವಲ್ಪ ಸುಟ್ಟರೂ, ಜೀವಸಹಿತವಾಗಿ ಹೊರಗೆ ಬಂದಳು. ಮಕ್ಕಳನ್ನು ಎಣಿಸಿ ನೋಡಿದರೆ ಐದು ವರ್ಷದ ಜಾನ್ ಇಲ್ಲ! ತಂದೆಯು ಮೆಟ್ಟಿಲು ಹತ್ತಲು ಯತ್ನಿಸಿದನು; ಬೆಂಕಿಯು ಬಿಡಲಿಲ್ಲ. ಅಷ್ಟರಲ್ಲಿ ಎಚ್ಚರಗೊಂಡ ಹುಡುಗನು ಪೆಟ್ಟಿಗೆಯೊಂದರ ಮೇಲೆ ನಿಂತು ಮೇಲಣ ಕಿಟಕಿಯಲ್ಲಿ ಕಾಣಿಸಿಕೊಂಡನು. ಏಣಿ ತರಲು ಸಮಯವಿರಲಿಲ್ಲ. ಒಬ್ಬನ ಹೆಗಲ ಮೇಲೆ ಇನ್ನೊಬ್ಬನು ನಿಂತು ಮಗುವನ್ನು ಇಳಿಸಿಕೊಂಡ ಕೂಡಲೇ ಮಾಡು ಒಳಕ್ಕೆ ಕುಸಿಯಿತು. ಎಂಟು ಮಕ್ಕಳೂ ದಕ್ಕಿದರು. ಮನೆ, ಪುಸ್ತಕಗಳು, ತಾಯಿಯ ಬರಹಗಳು ಎಲ್ಲವೂ ಭಸ್ಮವಾದುವು. ತಂದೆಯು ನೆರೆಯವರನ್ನು ಕರೆದು, ಮಕ್ಕಳೆಲ್ಲರೂ ಉಳಿದಿರುವಾಗ ತಾನೇ ಐಶ್ವರ್ಯವಂತನೆಂದು ಹೇಳಿ, ಮೊಣಕಾಲೂರಿ ದೇವರನ್ನು ಸ್ತುತಿಸಿದನು.

ಸುಟ್ಟ ಮನೆಯನ್ನು ಇಟ್ಟಿಗೆಯಿಂದ ಕಟ್ಟಿಸಬಹುದು. ಆದರೆ ಆ ಕಟ್ಟಡವು ಮುಗಿಯುವವರೆಗೆ ಮಕ್ಕಳೆಲ್ಲಿರಬೇಕು? ಅವರನ್ನು ಬೇರೆ ಬೇರೆ ಕುಟುಂಬಗಳಲ್ಲಿ ಹಂಚಿ ಇರಿಸಬೇಕಾಯಿತು. ಬೆಂಕಿಯಾದ ಕೆಲವು ವಾರಗಳಲ್ಲಿಯೇ ಕೆಜಿಯಾ ಹುಟ್ಟಿದಳು. ಬಾಣಂತಿಯಾದ ತಾಯಿಯ ಕಣ್ಣಿಗೆ ದೂರವಾದ ಮಕ್ಕಳು ಯಾರೆಂದರೆ ಅವರೊಡನೆ ಬೀದಿಯಲ್ಲಿ ಆಡಿದರು, ಭಾನುವಾರದ ನಿಯಮವನ್ನು ಮರೆತರು, ಸಲ್ಲದ ಹಾಡುಗಳನ್ನು ಕಲಿತರು, ಒರಟು ಮಾತನ್ನೂ ಒರಟು ನಡತೆಯನ್ನೂ ಅಭ್ಯಾಸ ಮಾಡಿಕೊಂಡರು. ವರ್ಷಗಳ ಶ್ರಮವು ಕೆಲವು ತಿಂಗಳಲ್ಲಿ ಸಡಿಲವಾಯಿತು. ಮನೆ ಸುಟ್ಟ ದುಃಖಕ್ಕಿಂತಲೂ ಈ ದುಃಖವು ಆಕೆಯ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯಿತೆಂದು ತೋರುತ್ತದೆ. ಇಪ್ಪತ್ತು ವರ್ಷಗಳಿಗೂ ಮೇಲೆ, ೧೭೩೨ರಲ್ಲಿ, ಜಾನನಿಗೆ ತನ್ನ ಶಿಕ್ಷಣಕ್ರಮವನ್ನು ವಿವರಿಸಿ ಬರೆದ ಕಾಗದದಲ್ಲಿಯೂ ಆಕೆಯು ಅದನ್ನು ಮರೆಯಲಿಲ್ಲ.

ಆದರೂ ಆಕೆಯು ಕೈಚೆಲ್ಲಿ ಕೂರಲಿಲ್ಲ. ದೂರದಲ್ಲಿದ್ದ ಮಗಳು ಸುಕಿಗೆ ೧೭೧೦ರ ಜನವರಿಯಲ್ಲಿ ಕ್ರೈಸ್ತ ವಿಶ್ವಾಸಪ್ರಮಾಣದ ಅರ್ಥವನ್ನು ವಿವರಿಸಿ ದೀರ್ಘವಾದ ಕಾಗದವನ್ನು ಬರೆದಳು. ಕೋಣೆಯಿಲ್ಲದಿದ್ದರೆ ಅಂಚೆಯ ಮೂಲಕವಾದರೂ ಪಾಠ! ಹೊಸ ಮನೆಗೆ ಮಕ್ಕಳು ಮರಳಿದ ಮೇಲೆ ಶಾಲೆಯನ್ನು ಮೊದಲಿನಿಂದ ಕಟ್ಟಿದಳು. ಶಾಲೆ ಕೂಡುವಾಗಲೂ ಬಿಡುವಾಗಲೂ ಕೀರ್ತನೆ ಹಾಡುವ ಪದ್ಧತಿಯು ಆಗ ಬಂದಿತು. ಸಂಜೆ ಐದು ಗಂಟೆಗೆ, ಮಾತು ಬಲ್ಲ ಮಕ್ಕಳಲ್ಲಿ ಎಲ್ಲರಿಗಿಂತ ಕಿರಿಯದನ್ನು ಎಲ್ಲರಿಗಿಂತ ಹಿರಿಯಳೂ, ಅದರ ಮೇಲಿನದನ್ನು ಎರಡನೆಯವಳೂ ಹತ್ತಿರ ಕೂರಿಸಿಕೊಂಡು ಕೀರ್ತನೆಗಳನ್ನೂ ಹೊಸ ಒಡಂಬಡಿಕೆಯ ಒಂದು ಅಧ್ಯಾಯವನ್ನೂ ಓದಿ ಹೇಳಬೇಕು. ಇದಲ್ಲದೆ ವಾರದಲ್ಲಿ ಒಂದೊಂದು ಸಂಜೆ ಒಂದೊಂದು ಮಗುವಿನೊಡನೆ ಏಕಾಂತವಾಗಿ ಮಾತನಾಡಲು ಸಮಯವನ್ನು ಮೀಸಲಿಟ್ಟಳು. ಜಾನನದು ಗುರುವಾರ. ದೊಡ್ಡವನಾಗಿ ವಿದ್ವಾಂಸನೆನಿಸಿದ ಮೇಲೆಯೂ ಆತನು ಆ ಗುರುವಾರದ ಸಂಜೆಯನ್ನು ನೆನೆದು ತಾಯಿಗೆ ಬರೆದನು.

ಆ ಮನೆಯ ಕೆಲವು ಕಟ್ಟಳೆಗಳು ನಮ್ಮ ಗೃಹಿಣಿಯರ ಗಮನಕ್ಕೆ ತಕ್ಕುವು. ತಪ್ಪನ್ನು ತಾನಾಗಿ ಒಪ್ಪಿಕೊಂಡು ತಿದ್ದಿಕೊಳ್ಳುವೆನೆಂದ ಮಗುವಿಗೆ ಏಟಿಲ್ಲ; ಶಿಕ್ಷೆಯ ಭಯವೇ ಸುಳ್ಳಿನ ತಾಯಿಬೇರೆಂದು ಆಕೆಯು ಕಂಡುಕೊಂಡಿದ್ದಳು. ಒಂದೇ ತಪ್ಪಿಗೆ ಎರಡು ಸಲ ಬೈಗುಳವಿಲ್ಲ. ಹಿರಿಯರನ್ನು ಸಂತೋಷಪಡಿಸಬೇಕೆಂದು ಮಗುವು ಮಾಡಿದ ಕೆಲಸವು ಕೆಟ್ಟರೂ, ಅದನ್ನು ಪ್ರೀತಿಯಿಂದ ಸ್ವೀಕರಿಸಿ ಮುಂದಿನ ದಾರಿಯನ್ನು ತೋರಿಸಬೇಕು. ಒಬ್ಬರ ವಸ್ತುವನ್ನು, ಗುಂಡುಸೂಜಿಯೇ ಆಗಲಿ, ಇನ್ನೊಬ್ಬರು ಮುಟ್ಟಬಾರದು. ಕೊಟ್ಟ ಮಾತನ್ನು ನಡೆಸಬೇಕು. ಚೆನ್ನಾಗಿ ಓದಲು ಬರುವವರೆಗೆ ಹೆಣ್ಣುಮಗುವನ್ನು ಹೊಲಿಗೆ ಮೊದಲಾದ ಕೆಲಸಕ್ಕೆ ಹಚ್ಚಬಾರದು. ಆ ಕಾಲದಲ್ಲಿ ಈ ಕಡೆಯ ಮಾತನ್ನು ಹೇಳಲು ಎದೆಗಾರಿಕೆ ಬೇಕಾಗಿತ್ತು.

ಆಕೆಯ ಕ್ರಮವೆಲ್ಲವೂ ಅನುಕರಣೀಯವೆಂದಲ್ಲ. ಮಗುವಿನ ಹಟವನ್ನು ಮೊದಲೇ ಮುರಿಯಬೇಕೆಂದೂ, ಒಂದು ವರ್ಷದ ಕೂಸು ಕೂಡ ಬೆತ್ತಕ್ಕೆ ಅಂಜಿ ಮೆಲ್ಲಗೆ ಅಳಬೇಕೆಂದೂ ಆಕೆಯು ನಂಬಿದ್ದಳು. ಅದನ್ನು ಇಂದು ಯಾವ ವಿವೇಕಿಯೂ ಒಪ್ಪಲಾರನು. ನಮ್ಮ ದೇಶದ ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲೆಗಳಲ್ಲಿ ಏಟನ್ನೇ ನಿಷೇಧಿಸಿದೆ. ಮತ್ತು ಮನೆಯಲ್ಲಿ ಕಲಿತ ವಿದ್ಯೆಯು ಮಕ್ಕಳ ಬಾಳನ್ನೆಲ್ಲ ಕಾಪಾಡಿತೆಂದೂ ಹೇಳುವಂತಿಲ್ಲ. ಗಂಡುಮಕ್ಕಳು ಲಂಡನ್ನಿನ ಶಾಲೆಗಳಿಗೂ ಆಕ್ಸ್‌ಫರ್ಡಿಗೂ ಹೋದರು. ಎಂಟನೆಯ ವಯಸ್ಸಿಗೇ ಗ್ರೀಕ್ ಭಾಷೆಯಲ್ಲಿ ಹೊಸ ಒಡಂಬಡಿಕೆಯನ್ನು ಓದುತ್ತಿದ್ದಳೆನ್ನುವ ಹೆಟ್ಟಿಗೆ ಅಂತಹ ಬಾಗಿಲು ತೆರೆಯಲಿಲ್ಲ. ೧೭೨೫ರಲ್ಲಿ ತಂದೆಯ ಕೋಪಕ್ಕೆ ಗುರಿಯಾಗಿ, ಮನಸ್ಸೊಪ್ಪದ ವಿವಾಹದಲ್ಲಿ ಸಿಕ್ಕಿ, ಹೆತ್ತ ಕೂಸುಗಳನ್ನು ಕಳೆದುಕೊಂಡು ಆಕೆಯು ಬಹಳ ನೊಂದಳು. ಮಗಳಿಗೆ ವಿದ್ಯೆ ಕೊಟ್ಟ ಮನೆಯು ಆಕೆಯು ಎಡವಿದಾಗ ಆಸರೆಯನ್ನೂ ಕೊಡಬೇಕಾಗಿತ್ತು.

ಕಿಟಕಿಯಿಂದ ಇಳಿದ ಜಾನ್ ಮುಂದೆ ಮೆಥಡಿಸ್ಟ್ ಪಂಥದ ಸ್ಥಾಪಕನಾದನು. ತಮ್ಮನಾದ ಚಾರ್ಲ್ಸ್ ಸಾವಿರಾರು ಭಕ್ತಿಗೀತೆಗಳನ್ನು ರಚಿಸಿದನು. ಬೆಂಗಳೂರು, ಮೈಸೂರು, ತುಮಕೂರುಗಳಲ್ಲಿ ಶಾಲೆಗಳನ್ನು ನಡೆಸಿ, ೧೯೪೭ರಲ್ಲಿ ದಕ್ಷಿಣ ಭಾರತ ಸಭೆಯೊಡನೆ ಐಕ್ಯವಾದ ವೆಸ್ಲಿಯನ್ ಮಿಷನ್ ಎಂಬುದರ ಹೆಸರು ಈ ಮನೆತನದ್ದೇ. ೧೭೦೯ರ ತರುವಾಯ ಕಟ್ಟಿದ ಇಟ್ಟಿಗೆಯ ಮನೆಯು ಎಪ್ವರ್ತಿನಲ್ಲಿ ವಸ್ತುಸಂಗ್ರಹಾಲಯವಾಗಿ ಇಂದಿಗೂ ನಿಂತಿದೆ.

ಮನೆಪಾಠಕ್ಕೆ ವಿಘ್ನಗಳು ಬಂದೇ ಬರುವುವು. ಜ್ವರ, ನೆಂಟರು, ಬಡತನ, ಕೆಲವೊಮ್ಮೆ ಬೆಂಕಿಯೂ ಕೂಡ. ನಿಂತುಹೋದ ಪಾಠವನ್ನು ನಾಚಿಕೆಯಿಲ್ಲದೆ, ಕೋಪವಿಲ್ಲದೆ ಮತ್ತೊಮ್ಮೆ ಆರಂಭಿಸುವ ತಾಯಿತಂದೆಗಳಿದ್ದರೆ ಮಕ್ಕಳ ವಿದ್ಯೆಗೆ ಕುಂದಿಲ್ಲ. ಹತ್ತೊಂಬತ್ತು ಸಲ ಹೇಳಿ ದಣಿದವರು ಇನ್ನೊಂದು ಸಲ ಹೇಳಲಿ.