ಮೋಡದ ಮೇಲೆ ನಿಮ್ಮದೇ ನೆರಳು!

ಒಂದು ಒಗಟು. ಬಿಡಿಸಿ ನೋಡೋಣ!

ಜನ ವಿಹಾರಕ್ಕೆಂದೇ ಬರುವ ಊರು. ಊರಂಚಿನಲ್ಲಿ ಅಡ್ಡಾಡಲೆಂದೇ ಮಾಡಿದ ದಾರಿ. ಒಂದು ಪಕ್ಕಕ್ಕೆ ಕಂಬಿಬೇಲಿ. ಅದರಾಚೆ ಕಣ್ಣು ಹಾಯುವಷ್ಟು ದೂರ ಬೆಳ್ಳಗೆ ಉಕ್ಕುವ ಅಲೆಗಳು. ಮುಖಕ್ಕೆ ತೇವದ ಗಾಳಿ. ಯಾವ ಕಡಲತೀರ ಇದು? ಪುದುಚೇರಿಯೇ? ರಾಮೇಶ್ವರವೇ?

ಅಲ್ಲವೇ ಅಲ್ಲ! ಇಲ್ಲಿ ಕಡಲೇ ಇಲ್ಲ. ಉಕ್ಕುತ್ತಿರುವುದು ಮೋಡ. ಮತ್ತು ನೀವು ನಿಂತಿರುವುದು ಅದರ ಮೇಲೆ!

ಇದು ಕೊಡೈಕಾನಲ್‌ನ ಕೋಕರ್ಸ್ ವಾಕ್. ದಿಂಡಿಗಲ್ ಜಿಲ್ಲೆ, ಪಳನಿ ಬೆಟ್ಟಸಾಲು, ಅದರ ದಕ್ಷಿಣದ ಕಡಿದಾದ ಅಂಚು. ಆ ಅಂಚಿಗೆ ಅಂಟಿಕೊಂಡೇ ಸಾಗುವ ಕಾಲುದಾರಿ. ಉದ್ದ ಎಷ್ಟಿರಬಹುದು, ಹೇಳಿ? ಹತ್ತು ಕಿಲೋಮೀಟರ್? ಐದು?

ಬರೀ ಒಂದು! ಅದೂ ಸುಮಾರು. ನಿಧಾನಕ್ಕೆ ಹೆಜ್ಜೆ ಹಾಕಿದರೂ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಆದರೆ ಆ ಒಂದು ಕಿಲೋಮೀಟರಿನುದ್ದಕ್ಕೂ ಪಕ್ಕದಲ್ಲೇ ಬಾಯ್ತೆರೆದಿರುವ ಆಳವಿದೆಯಲ್ಲ!

ಕೆಳಗೆ ಕಾಣುವುದು ಪೆರಿಯಕುಳಂ. ಅದು ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿದೆ. ನೀವಿರುವುದು ಸುಮಾರು 2,100ರಲ್ಲಿ. ನಮ್ಮ ಜೋಗದ ಎತ್ತರ 253 ಮೀಟರ್ ತಾನೇ? ಒಂದರ ಮೇಲೊಂದು ಜೋಗ ಪೇರಿಸುತ್ತಾ ಹೋಗಿ. ಎರಡು ಸಾಕೇ? ಮೂರು? ಏಳು ಬೇಕು! ಏಳು ಜೋಗ!

ಎಡಕ್ಕೆ ಡಾಲ್ಫಿನ್ಸ್ ನೋಸ್ ಎಂಬ ಚಾಚುಬಂಡೆ. ಬಲಕ್ಕೆ ಪಾಂಬಾರ್ ಹೊಳೆಯ ಕಣಿವೆ. ಆಕಾಶ ತೀರಾ ತಿಳಿಯಾಗಿದ್ದ ದಿನ ಮದುರೆಯೂ ಕಂಡೀತು. ನಡುದಾರಿಯಲ್ಲಿ ದೂರದರ್ಶಕ ಇಟ್ಟ ವೀಕ್ಷಣಾಲಯವೂ ಇದೆ.

ಇನ್ನು ನೈಋತ್ಯಕ್ಕೆ ಮುಖ ಮಾಡಿ. ಆ ದಿಕ್ಕಿನಲ್ಲೇ ತೇನಿ, ಬೋಡಿ, ತೇವಾರಂ, ಕಂಬಂ ಕಣಿವೆ. ಅಲ್ಲಿ ಯಾವ ಭಾಷೆ ಕೇಳಿಸುತ್ತದೆ? ತಮಿಳು ಎಂದಿರಾ? ಸರಿ. ಆದರೆ ಕನ್ನಡವೂ ಕೇಳಿಸುತ್ತದೆ! ಕಪ್ಪಿಲಿಯರ್ ಎಂದು ಕರೆಯುವ ಒಕ್ಕಲಿಗರ ಮನೆಗಳಲ್ಲಿ ತಲೆತಲಾಂತರದಿಂದ ಕನ್ನಡವೇ ಮನೆಮಾತು. ಓದುಬರಹವೆಲ್ಲ ತಮಿಳಿನಲ್ಲಿ, ಅಮ್ಮನ ಜತೆ ಮಾತು ಕನ್ನಡದಲ್ಲಿ! ಅದರ ಬಗ್ಗೆ ಬರೆಯಹೊರಟರೆ ಇಡೀ ಸಂಚಿಕೆಯೇ ಬೇಕು. ದಾರಿಗೇ ಬರೋಣ.

ಇದು ಯಾವಾಗ ಆದದ್ದು? 1872ರಲ್ಲಿ! ಮದುರೆ ಜಿಲ್ಲೆಯಲ್ಲಿ ಕೆಲಸಕ್ಕಿದ್ದ ಲೆಫ್ಟಿನೆಂಟ್ ಕೋಕರ್ ಎಂಬ ಬ್ರಿಟಿಷ್ ಸೇನಾ ಎಂಜಿನಿಯರ್ ಮಾಡಿಸಿದ್ದು. ಕೊಡೈಕಾನಲ್‌ನ ವಿವರವಾದ ನಕ್ಷೆ ತಯಾರಿಸಿದವನೂ ಅವನೇ.

ಆಗ ಈ ಊರಿಗೆ ಮೋಟಾರು ರಸ್ತೆ ಇತ್ತೇ? ಇಲ್ಲ! ಬೆಟ್ಟದ ಬುಡದ ಹತ್ತಿರಕ್ಕಾದರೂ ರೈಲು? ಅದೂ ಇಲ್ಲ! ಪೆರಿಯಕುಳಂ ಕಡೆಯ ತೋಪಿನಿಂದ ಕಡಿದಾದ ಕಾಲುಹಾದಿ. ಹತ್ತುವವರು ನಡೆಯಬೇಕು, ಇಲ್ಲವೇ ಕುದುರೆಯೇರಬೇಕು, ಇಲ್ಲವೇ ಹೊರುವವರ ಹೆಗಲೇರಬೇಕು. ದೊರೆಗಳನ್ನೂ ಅವರ ಪೆಟ್ಟಿಗೆಗಳನ್ನೂ ಹೊತ್ತು ಏಳು ಜೋಗದೆತ್ತರ ಹತ್ತಿದವರ ಹೆಸರು ಯಾವ ದಾರಿಗೂ ಇಟ್ಟಿಲ್ಲ! ಮೋಟಾರು ಓಡುವ ಘಾಟ್ ರಸ್ತೆ ಪೂರ್ತಿಯಾಗುವಷ್ಟರಲ್ಲಿ ಕೋಕರನ ದಾರಿಗೆ ನಲವತ್ತು ವರ್ಷ ದಾಟಿತ್ತು. ಊರಿಗೆ ಬರಲು ರಸ್ತೆಯಿಲ್ಲ, ಬಂದಮೇಲೆ ಅಡ್ಡಾಡಲು ದಾರಿ ಸಿದ್ಧ!

ಇಷ್ಟಕ್ಕೇ ಬೆರಗಾದಿರಾ? ನಿಜವಾದ ಬೆರಗು ಇನ್ನೂ ಬಂದೇ ಇಲ್ಲ.

ಮಧ್ಯಾಹ್ನ ಕಳೆಯುತ್ತಲೇ ಕಣಿವೆಯಿಂದ ಮಂಜು ಮೇಲೇರುವುದು ಇಲ್ಲಿ ಮಾಮೂಲು. ಪೆರಿಯಕುಳಂ ಮಾಯ. ಡಾಲ್ಫಿನ್ಸ್ ನೋಸ್ ಮಾಯ. ಎಲ್ಲ ಬಿಳಿ! "ಏನೂ ಕಾಣ್ತಿಲ್ಲ, ನಡೀರಿ" ಎಂದು ಜನ ಹೊರಟುಬಿಡುತ್ತಾರೆ. ನೀವು ಹೊರಡಬೇಡಿ! ಅಪರೂಪಕ್ಕೊಮ್ಮೆ, ತೀರಾ ಅಪರೂಪಕ್ಕೊಮ್ಮೆ, ಎದುರಿಗೆ ಮಂಜು ತುಂಬಿರುವಾಗಲೇ ಬೆನ್ನ ಹಿಂದೆ ತಗ್ಗಿನಲ್ಲಿ ಸೂರ್ಯ ಇಣುಕುತ್ತಾನೆ.

ಆಗ ಆ ಬಿಳಿಯೊಳಗೆ ಒಬ್ಬ ದೈತ್ಯ ನಿಂತಿರುತ್ತಾನೆ!

ಕೈ ಎತ್ತಿ. ಅವನೂ ಎತ್ತುತ್ತಾನೆ! ತಲೆ ಆಡಿಸಿ. ಅವನೂ ಆಡಿಸುತ್ತಾನೆ! ಯಾರವನು? ನೀವೇ! ಮಂಜಿನ ಮೇಲೆ ಬಿದ್ದ ನಿಮ್ಮ ನೆರಳು. ನೆರಳು ಮಂಜಿನ ಆಳದುದ್ದಕ್ಕೂ ಚಾಚಿಕೊಳ್ಳುತ್ತದೆ, ದೂರ ಅಳೆಯಲು ಕಣ್ಣಿಗೆ ಆಧಾರವೇ ಇರುವುದಿಲ್ಲ. ಹಾಗಾಗಿ ಅಷ್ಟು ದೊಡ್ಡದೆಂದು ತೋರುತ್ತದೆ. ಎಷ್ಟೋ ಸಲ ಅದರ ತಲೆಯ ಸುತ್ತ ಬಣ್ಣಬಣ್ಣದ ಉಂಗುರವೂ ಮೂಡುತ್ತದೆ, ದೇವರ ಹಿಂದಿನ ಪ್ರಭಾವಳಿಯೇ ಸರಿ!

ಈಗ ಕಷ್ಟದ ಪ್ರಶ್ನೆ. ನಿಮ್ಮ ಪಕ್ಕದಲ್ಲಿ ಗೆಳೆಯರೊಬ್ಬರು ನಿಂತಿದ್ದಾರೆ. ಅವರ ನೆರಳಿನ ತಲೆಗೂ ಪ್ರಭಾವಳಿ ಇರುತ್ತದೆಯೇ? ಯೋಚಿಸಿ...

ನಿಮಗೆ ಅದು ಕಾಣುವುದು ನಿಮ್ಮ ತಲೆಯ ಸುತ್ತ ಮಾತ್ರ! ಅವರಿಗೆ ಕಾಣುವುದು ಅವರ ತಲೆಯ ಸುತ್ತ ಮಾತ್ರ! ಮಂಜಿನ ಸಣ್ಣ ಹನಿಗಳು ಬೆಳಕನ್ನು ಹೆಚ್ಚುಕಡಿಮೆ ಬಂದ ದಿಕ್ಕಿಗೇ ಮರಳಿಸುತ್ತವೆ. ಆದ್ದರಿಂದ ಉಂಗುರದ ನಡುಬಿಂದು ಯಾವಾಗಲೂ ನೋಡುವವರ ಕಣ್ಣಿನ ನೆರಳೇ. ಸಾಲಾಗಿ ಹತ್ತು ಜನ ನಿಂತರೆ ಹತ್ತು ಬೇರೆ ಬೇರೆ ಪ್ರಭಾವಳಿ!

ಇದರ ಹೆಸರು ಬ್ರಾಕೆನ್ ಸ್ಪೆಕ್ಟರ್. ಬ್ರಾಕೆನ್ ಜರ್ಮನಿಯ ಒಂದು ಶಿಖರ. 1780ರಲ್ಲಿ ಯೋಹಾನ್ ಸಿಲ್ಬರ್‌ಶ್ಲಾಗ್ ಅಲ್ಲಿ ಇದನ್ನು ಕಂಡು ಬರೆದಿಟ್ಟ.

ಮಂಜಿನಲ್ಲಿ ಮೂಡಿದ ಇಂಥದೇ ಉಂಗುರ ಒಬ್ಬನಿಗೆ ನೊಬೆಲ್ ತಂದಿದೆ ಎಂದರೆ ನಂಬುತ್ತೀರಾ? 1894ರಲ್ಲಿ ಸಿ. ಟಿ. ಆರ್. ವಿಲ್ಸನ್ ಎಂಬ ತರುಣ ಸ್ಕಾಟ್ಲೆಂಡಿನ ಬೆನ್ ನೆವಿಸ್ ಶಿಖರದ ಮೇಲೆ ಈ ಬೆಡಗು ನೋಡಿ ಮರುಳಾದ. ಪ್ರಯೋಗಶಾಲೆಯಲ್ಲೇ ಮೋಡ ಮಾಡಿ ಇದನ್ನು ಮತ್ತೆ ನೋಡಬೇಕೆಂದು ಹಟ ಹಿಡಿದ. ಮೋಡ ಮಾಡಲು ಹೋದವನ ಕೈಯಲ್ಲಿ ಕಣ್ಣಿಗೆ ಕಾಣದ ಕಣಗಳ ಜಾಡು ಹಿಡಿಯುವ ಯಂತ್ರ ಹುಟ್ಟಿತು! ಅದೇ ಕ್ಲೌಡ್ ಚೇಂಬರ್. 1927ರಲ್ಲಿ ನೊಬೆಲ್! 1932ರಲ್ಲಿ ಪಾಸಿಟ್ರಾನ್ ಕಣ ಸಿಕ್ಕಿಬಿದ್ದದ್ದೂ ಇಂಥದೇ ಪೆಟ್ಟಿಗೆಯಲ್ಲಿ!

ವಿಲ್ಸನ್ ಬೆನ್ ನೆವಿಸ್ ಏರಬೇಕಾಯಿತು. ನೀವು ಬಸ್ಸಿನಲ್ಲೇ ಹೋಗಬಹುದು. ತೇವಾರಂ ಕಡೆಯಿಂದಾದರೆ ಬೋಡಿ, ತೇನಿ, ಪೆರಿಯಕುಳಂ ದಾಟಿ ಘಾಟ್ ಏರಬೇಕು. ಸ್ವಂತ ಕಾರಾದರೆ ಇ-ಪಾಸ್ ಮಾಡಿಸಿಕೊಳ್ಳಿ, 2024ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ ಇದು ಜಾರಿಗೆ ಬಂದಿದೆ. ಪ್ಲಾಸ್ಟಿಕ್ ಬಾಟಲಿ ಬೇಡ. ಆ ಕಣಿವೆಗೆ ಬಿದ್ದದ್ದನ್ನು ಹೆಕ್ಕಿ ತರುವವರು ಯಾರೂ ಇಲ್ಲ.

ಮಂಜು ಕವಿಯಿತೆಂದು ಬೇಸರಿಸಬೇಡಿ. ಕಂಬಿ ಹಿಡಿದು ನಿಂತು, ಬೆನ್ನ ಹಿಂದೆ ಬಿಸಿಲು ಬಂತೇ ಎಂದು ತಿರುಗಿ ನೋಡುತ್ತಿರಿ!