ಹಸುಳೆಯ ಹಾಲೂ ನಮ್ಮ ಕೊಳವೆಬಾವಿಯ ನೀರೂ

ಕಳೆದ ಬೇಸಗೆಯಲ್ಲಿ ನಾವು ಶಿಡ್ಲಘಟ್ಟದಲ್ಲಿರುವ ನಮ್ಮ ಸೋದರತ್ತೆಯವರ ಮನೆಯಲ್ಲಿ ನಾಲ್ಕು ದಿನ ಇದ್ದೆವು. ಅವರ ಮೊಮ್ಮಗಳು ಬಾಣಂತನಕ್ಕೆ ಬಂದಿದ್ದಳು. ಹೆರಿಗೆಯಾದ ಮೇಲೆ ಆಕೆ ಕಾಯಿಲೆ ಬಿದ್ದು, ತೀಕ್ಷ್ಣವಾದ ಔಷಧಗಳನ್ನು ಸೇವಿಸಬೇಕಾಗಿ ಬಂದುದರಿಂದ, ಕೆಲವು ಕಾಲ ಮಗುವಿಗೆ ಡಬ್ಬಿಯ ಹಾಲಿನ ಪುಡಿಯನ್ನೇ ಕೊಡಬೇಕೆಂದು ವೈದ್ಯರು ಹೇಳಿದ್ದರು. ಅತ್ತೆಯವರ ಮಡಿ ಎಂಥದೆಂದರೆ, ನೀರು ಒಮ್ಮೆ ಕುದಿದರೆ ಅವರಿಗೆ ತೃಪ್ತಿಯಿಲ್ಲ. ಬೆಳಗ್ಗೆ ಒಲೆಯ ಮೇಲಿಟ್ಟ ಪಾತ್ರೆ ಅರ್ಧಕ್ಕೆ ಇಳಿಯುವವರೆಗೂ ಕುದಿಯುತ್ತಲೇ ಇರಬೇಕು. "ಇಷ್ಟು ಕುದಿಸಿದ ಮೇಲೆ ಇನ್ನು ಯಾವ ದೋಷ ಉಳಿದೀತಪ್ಪಾ?" ಎಂದು ಅವರು ಕೇಳಿದಾಗ ಒಡನೆಯೇ ಉತ್ತರ ಹೇಳಲು ನಮಗೆ ನಾಲಗೆ ಬರಲಿಲ್ಲ. ಆದರೆ ದೋಷ ಉಳಿದಿತ್ತು. ಉಳಿದುದಷ್ಟೇ ಅಲ್ಲ, ಇಮ್ಮಡಿಯಾಗಿತ್ತು.

ಕುದಿಯುವ ನೀರಿನಲ್ಲಿ ಸಾಯುವುದು ಕ್ರಿಮಿ. ನೀರಿನಲ್ಲಿ ಕರಗಿದ ಲವಣಕ್ಕೆ ಸಾವೆಂಬುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಲವಣ ಪಾತ್ರೆಯಲ್ಲಿಯೇ ನಿಲ್ಲುತ್ತದೆ. ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು ಅರ್ಧಕ್ಕೆ ಇಳಿಸಿದರೆ, ಉಳಿದ ನೀರಿನಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ಆಗುತ್ತದೆ. ಕುಡಿಯುವ ನೀರಿನಲ್ಲಿ 1 ಮಿಲಿಗ್ರಾಂ ಮೀರದಿರುವುದು ಒಳ್ಳೆಯದೆಂದೂ, ಬೇರೆ ನೀರು ದೊರೆಯದ ಕಡೆ 1.5ರವರೆಗೆ ಸಹಿಸಬಹುದೆಂದೂ ನಮ್ಮ ದೇಶದ ಮಾನಕ ಹೇಳುತ್ತದೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಗೃಹಸ್ಥರಿಗೆ ಇದು ದೂರದ ಮಾತಲ್ಲ. ನಂದಿಯ ಸುತ್ತಿನ ಬೆಟ್ಟಗಳಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ ಮುಂತಾದ ನದಿಗಳು ಹುಟ್ಟುತ್ತವೆ. ಆದರೆ ವರ್ಷವಿಡೀ ಹರಿಯುವ ನದಿ ಈ ಸೀಮೆಗೆ ಒಂದೂ ಇಲ್ಲ. ಕೆರೆ ಬತ್ತಿತು, ತೆರೆದ ಬಾವಿ ಬತ್ತಿತು, ಕೊಳವೆಬಾವಿ ಸಾವಿರ ಅಡಿಯನ್ನೂ ಮೀರಿ ಇಳಿಯಿತು. ಅಷ್ಟು ಆಳದಲ್ಲಿ ಬಹುಕಾಲ ಕಲ್ಲಿನ ಸಂದಿಯಲ್ಲಿ ನಿಂತ ನೀರು ಆ ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಹಳ್ಳಿಯ ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಯನ್ನು ನೋಡದವರು ನಮ್ಮಲ್ಲಿ ಯಾರು? ಗೌರಿಬಿದನೂರಿನ ಮೂಲಕ ಸಾಗುವ ಉತ್ತರ ಪಿನಾಕಿನಿ ಕೊನೆಗೆ ನೆಲ್ಲೂರಿನ ಸೀಮೆಯಲ್ಲಿ ಸಮುದ್ರವನ್ನು ಸೇರುತ್ತದೆ. ಫ್ಲೋರೈಡಿನಿಂದ ಮೂಳೆ ಸೆಟೆಯುವ ರೋಗವನ್ನು ಭಾರತದಲ್ಲಿ ಮೊದಲು ಗುರುತಿಸಿ 1937ರಲ್ಲಿ ವೈದ್ಯರು ಬರೆದದ್ದು ಆ ನೆಲ್ಲೂರಿನ ಹಳ್ಳಿಗಳನ್ನು ಕುರಿತೇ.

ಹಸುಳೆಗೆ ಇದು ಹೆಚ್ಚು ಏಕೆ ತಟ್ಟುತ್ತದೆ? ಎಳೆಯ ಮಗು ತನ್ನ ತೂಕದ ಪ್ರತಿಯೊಂದು ಕಿಲೋಗ್ರಾಮಿಗೆ ದಿನಕ್ಕೆ ಸುಮಾರು 150 ಮಿಲಿಲೀಟರ್ ಹಾಲು ಕುಡಿಯುತ್ತದೆ. ಅರವತ್ತು ಕಿಲೋ ತೂಗುವ ದೊಡ್ಡವರು ದಿನಕ್ಕೆ ಮೂರು ಲೀಟರ್ ನೀರು ಕುಡಿದರೂ ಕಿಲೋಗ್ರಾಮಿಗೆ 50 ಮಾತ್ರ. ಪುಡಿಯ ಹಾಲೆಂದರೆ ಬಹುಪಾಲು ನೀರೇ. ಮುಂದೆ ಬರುವ ಶಾಶ್ವತ ಹಲ್ಲುಗಳಾದರೋ ಮೂರು ನಾಲ್ಕನೆಯ ತಿಂಗಳಿನಿಂದಲೇ ವಸಡಿನೊಳಗೆ ಗಟ್ಟಿಯಾಗತೊಡಗುತ್ತವೆ. ತಾಯಿ ಇದೇ ನೀರನ್ನು ಕುಡಿದರೂ ಅವಳ ಹಾಲಿಗೆ ಇಳಿಯುವ ಫ್ಲೋರೈಡ್ ಅತ್ಯಲ್ಪ. ಎದೆಹಾಲು ಉಣಿಸಬಲ್ಲ ತಾಯಿ ಡಬ್ಬಿಯ ಗೊಡವೆಗೆ ಹೋಗದಿರಲು ಬೇರೆಲ್ಲ ಕಾರಣಗಳ ಜೊತೆಗೆ ನಮ್ಮ ಸೀಮೆಯಲ್ಲಿ ಇದೂ ಒಂದು. 1992ರ ಕಾನೂನು ಈ ಪುಡಿಯ ಜಾಹೀರಾತನ್ನೇ ನಿಷೇಧಿಸಿದೆ. ವೈದ್ಯರು ಹೇಳಿದ ಮನೆಗಳಿಗಾಗಿ ಮಾತ್ರ ನಾವು ಬರೆಯುತ್ತಿದ್ದೇವೆ.

ಇನ್ನೊಂದು ಲವಣ ನೈಟ್ರೇಟ್. ತಿಪ್ಪೆ, ಕಕ್ಕಸುಗುಂಡಿ, ಹೊಲಕ್ಕೆ ಸುರಿದ ಗೊಬ್ಬರ, ಇವುಗಳಿಂದ ಇಂಗಿ ಅದು ಬಾವಿಗೆ ಸೇರುತ್ತದೆ. 1945ರಲ್ಲಿ ಅಮೆರಿಕದ ಅಯೋವಾ ಸೀಮೆಯಲ್ಲಿ ಕಾಮ್ಲಿ ಎಂಬ ವೈದ್ಯರು, ತೋಟದ ಮನೆಯ ಬಾವಿನೀರಿನಲ್ಲಿ ಕಲಸಿದ ಹಾಲು ಕುಡಿದು ಹಸುಳೆಗಳು ನೀಲಿಗಟ್ಟಿದುದನ್ನು ಕಂಡು ಕಾರಣವನ್ನು ಹೊರಗೆಡಹಿದರು. ನೈಟ್ರೇಟು ರಕ್ತಕ್ಕೆ ಪ್ರಾಣವಾಯುವನ್ನು ಹೊರುವ ಶಕ್ತಿಯನ್ನೇ ಕುಂದಿಸುತ್ತದೆ. ಕುದಿಸಿದರೆ ಇದೂ ಹೆಚ್ಚುತ್ತದೆಯೇ ಹೊರತು ತಗ್ಗದು.

ಶಿಡ್ಲಘಟ್ಟದ ನೂಲು ಬಿಚ್ಚುವವರಿಗೆ ನೀರಿನ ಗುಣ ತಿಳಿಯದ ವಿಷಯವಲ್ಲ. ಗಡಸು ನೀರಿನಲ್ಲಿ ಬೇಯಿಸಿದ ಗೂಡು ಒಳ್ಳೆಯ ಎಳೆ ಕೊಡದೆಂದು ಅವರು ನೀರನ್ನು ಆರಿಸುತ್ತಾರೆ. ರೇಷ್ಮೆಗೆ ತೋರುವ ಆ ವಿವೇಚನೆ ತೊಟ್ಟಿಲಿನವರೆಗೂ ಏಕೆ ಬರಬಾರದು? ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಪ್ರಯೋಗಶಾಲೆಗಳಲ್ಲಿ ನೀರನ್ನು ಪರೀಕ್ಷಿಸುತ್ತಾರೆ; ಪಂಚಾಯಿತಿಯವರನ್ನು ಕೇಳಿದರೆ ದಾರಿ ತಿಳಿಯುತ್ತದೆ. ಅದುವರೆಗೆ ಊರಿನ ಶುದ್ಧ ನೀರಿನ ಘಟಕದ ನೀರನ್ನು, ಯಂತ್ರದ ಸೋಸುಪೊರೆಯನ್ನು ಕಾಲಕಾಲಕ್ಕೆ ಬದಲಿಸುತ್ತಿರುವರೇ ಎಂದು ವಿಚಾರಿಸಿಕೊಂಡು, ತರುವುದು ಮೇಲು. ಚೊಕ್ಕವಾದ ಮಾಳಿಗೆಯಿಂದ ಹಿಡಿದು ಸೋಸಿದ ಮಳೆನೀರಿನಲ್ಲಿಯೂ ಫ್ಲೋರೈಡ್ ತೀರ ಕಡಮೆ. ಆದರೆ ಘಟಕದ ನೀರಾಗಲಿ ಮಳೆಯ ನೀರಾಗಲಿ ಕ್ರಿಮಿರಹಿತವೆಂದು ಭಾವಿಸಕೂಡದು. ಕ್ಯಾನಿನಲ್ಲಿ ಮೂರು ದಿನ ನಿಂತ ನೀರಂತೂ ಅಲ್ಲವೇ ಅಲ್ಲ. ಒಮ್ಮೆ ಮಾತ್ರ ಚೆನ್ನಾಗಿ ಕುದಿಸಿ ಇಳಿಸಬೇಕು.

ಈಗ ಪುಡಿಯ ಮಾತು. ಎಮ್ಮೆಯ ಹಾಲಿನಿಂದ ಶಿಶುಗಳ ಪುಡಿಯನ್ನು ಮಾಡುವ ವಿಧಾನವನ್ನು 1950ರ ದಶಕದಲ್ಲಿ ರೂಪಿಸಿದವರು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದವರೇ. ಗುಜರಾತಿನ ಆಣಂದದ ಸಹಕಾರಿಗಳು ಅದನ್ನು ತಯಾರಿಗೆ ತಂದರು. ಎಷ್ಟೇ ಒಳ್ಳೆಯ ಕಾರ್ಖಾನೆಯದಾದರೂ ಪುಡಿ ಪೂರ್ಣವಾಗಿ ಕ್ರಿಮಿರಹಿತವಲ್ಲ. ಕ್ರೋನೋಬ್ಯಾಕ್ಟರ್ ಎಂಬ ಕ್ರಿಮಿ ಒಣಪುಡಿಯಲ್ಲಿಯೂ ಬದುಕಿದ್ದು, ಎರಡು ತಿಂಗಳೊಳಗಿನ ಕೂಸಿನ ಮೆದುಳಿಗೆ ಅಪಾಯ ತಂದೀತು. ಆದುದರಿಂದ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಕಲಸುವ ನೀರು 70 ಡಿಗ್ರಿ ಸೆಂಟಿಗ್ರೇಡಿಗೆ ಕಡಮೆಯಿರಬಾರದೆಂದು ಹೇಳಿತು. ಒಂದು ಲೀಟರ್ ನೀರನ್ನು ಕುದಿಸಿ ಇಳಿಸಿ, ಮುಚ್ಚಿಟ್ಟು, ಅರ್ಧ ಗಂಟೆಯೊಳಗೆ ಬಳಸಿದರೆ ಆ ಬಿಸಿ ಉಳಿದಿರುತ್ತದೆ. ಸಣ್ಣ ಲೋಟದ ನೀರು ಬೇಗ ಆರಿಬಿಡುತ್ತದೆ. ಕೆಲವು ಡಬ್ಬಿಗಳ ಮೇಲೆ ಉಗುರುಬೆಚ್ಚಗಿನ ನೀರೆಂದು ಅಚ್ಚಾಗಿರುವುದುಂಟು. ಅಂಥಲ್ಲಿ ವೈದ್ಯರನ್ನು ಕೇಳಿಕೊಳ್ಳಬೇಕು.

ಮೊದಲು ಅಳೆದ ನೀರು, ಆಮೇಲೆ ಡಬ್ಬಿಯದೇ ಚಮಚದಲ್ಲಿ ಮಟ್ಟಸವಾಗಿ ಪುಡಿ. ಪುಡಿ ಬಹಳ ದಿನ ಬರಲೆಂದು ನೀರು ಬೆರೆಸಿದರೆ ಮಗುವಿನ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸುವುದೂ ಅಪಾಯ. ಕಲಸಿದ ಹಾಲನ್ನು, ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಒಂದು ತೊಟ್ಟು ಬಿಟ್ಟು ನೋಡಿ ಕುಡಿಸಬೇಕು. ಸೀಸೆಗಿಂತ ನಮ್ಮ ಹಿರಿಯರ ಒಳಲೆಯೇ ವಾಸಿ ಎಂದು ನಮಗೆ ತೋರುತ್ತದೆ. ಅದಕ್ಕೆ ರಬ್ಬರಿನ ತೊಟ್ಟಿಲ್ಲ, ಕೈಹೋಗದ ಕತ್ತಿಲ್ಲ. ತೊಳೆದು ಹತ್ತು ನಿಮಿಷ ಕುದಿಸಿದರೆ ಆಯಿತು.

ಕಲಸಿದ ಹಾಲನ್ನು ಎರಡು ಗಂಟೆಯೊಳಗೆ ಕುಡಿಸಬೇಕು. ಮಗು ಬಾಯಿಟ್ಟು ಬಿಟ್ಟುದನ್ನು ಚೆಲ್ಲಬೇಕು. ಚೆಲ್ಲಲು ನಮ್ಮ ಹೆಂಗಸರಿಗೆ ಮನಸ್ಸು ಬಾರದೆಂಬುದನ್ನು ಬಲ್ಲೆವು, ಆದುದರಿಂದ ಕಡಮೆ ಕಲಸಿರಿ. ಒಡನೆ ತಣಿಸಿ ಶೀತಕಪೆಟ್ಟಿಗೆಯಲ್ಲಿ 5 ಡಿಗ್ರಿಗಿಂತ ಕೆಳಗಿಟ್ಟರೆ 24 ಗಂಟೆ ಇಡಬಹುದೆಂದಿದೆ. ಆದರೆ ವಿದ್ಯುತ್ತು ಬಂದು ಹೋಗಿ ಮಾಡುವ ಊರುಗಳಲ್ಲಿ ನಾವು ಅದನ್ನು ನಂಬೆವು. ಬಿಸಿ ಹಾಲನ್ನು ಫ್ಲಾಸ್ಕಿನಲ್ಲಿ ತುಂಬಿಡುವುದು ಕ್ರಿಮಿಗಳಿಗೆ ಔತಣವಿಟ್ಟಂತೆ. ರಾತ್ರಿಗೆ ಬೇಕಾದರೆ ಆಗತಾನೇ ಕುದಿದ ನೀರನ್ನು ಫ್ಲಾಸ್ಕಿನಲ್ಲಿಡಿರಿ, ಪುಡಿಯನ್ನು ಒಣಗಿದ ಡಬ್ಬಿಯಲ್ಲಿ ಬೇರೆಯಾಗಿಡಿರಿ. ತೆರೆದ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ, ಒಲೆಯಿಂದ ದೂರ, ತೇವವಿಲ್ಲದೆಡೆಯಲ್ಲಿಟ್ಟು, ಅದರ ಮೇಲೆ ಹೇಳಿರುವ ಅವಧಿಯೊಳಗೆ ಮುಗಿಸಬೇಕು.

ನಾವು ಹೊರಡುವ ದಿನ ಅತ್ತೆಯವರ ಒಲೆಯ ಮೇಲೆ ಘಟಕದಿಂದ ತಂದ ನೀರು ಕುದಿಯುತ್ತಿತ್ತು. ಕುದಿ ಬಂದೊಡನೆ ಇಳಿಸಿ, "ಇನ್ನೂ ಅರ್ಧವಾಗಿಲ್ಲವಲ್ಲಪ್ಪಾ, ನನಗೇಕೋ ಸಮಾಧಾನವೇ ಇಲ್ಲ" ಎಂದರು. ಆದರೂ ಆ ನೀರಿನಲ್ಲಿಯೇ ಹಾಲು ಕಲಸಿದರು.